22/7 ಅನ್ನು ನಾನೇ ಕೈಯಾರೆ ಕೆಡವಿದ್ದು

‘ಪರಿಧಿಯನ್ನ ವ್ಯಾಸದಿಂದ ಭಾಗಿಸಿದ್ರೆ ಪೈ ಅಂತೀರಿ. ಹಾಗಾದ್ರೆ ಅದು ಭಿನ್ನರಾಶಿನೇ ಆಯ್ತಲ್ಲ ಸರ್?’

ಹತ್ತನೇ ತರಗತಿಯ ಹುಡುಗಿ ಕೇಳಿದ್ದು. ಪರಿಧಿ, ವ್ಯಾಸ ಎರಡೂ ಒಟ್ಟಿಗೆ ಪೂರ್ಣಾಂಕ ಆಗಲಾರವು ಅಂದೆ. ಯಾಕೆ ಅಂದಳು. ದಶಮಾಂಶ ಮುಗಿಯೋದೇ ಇಲ್ಲವಲ್ಲ ಅಂದೆ. ‘1/7 ಕೂಡ ಮುಗಿಯಲ್ಲ ಸರ್.’ ಅಷ್ಟರಲ್ಲಿ ಬೆಲ್ ಹೊಡೆದದ್ದು ನನ್ನ ಪುಣ್ಯ.

ಪೈ ಅಭಾಗಲಬ್ಧ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ್ದು ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ, ಸಾಧಿಸಿ ನೋಡಿರಲಿಲ್ಲ. ಮೊದಲು ಸಾಧಿಸಿದವನು ಗಣಿತಜ್ಞ ಲ್ಯಾಂಬರ್ಟ್, 1761ರಲ್ಲಿ. ಅವನ ದಾರಿ ಹಿಡಿದು ಟ್ಯಾಂಜೆಂಟಿನ ಮುಗಿಯದ ಭಿನ್ನರಾಶಿಯೊಳಗೆ ಹೊಕ್ಕೆ, ಎರಡೇ ದಿನಕ್ಕೆ ಕೈಬಿಟ್ಟೆ. 1947ರಲ್ಲಿ ಗಣಿತಜ್ಞ ಐವನ್ ನಿವೆನ್ ಕೊಟ್ಟ ಸಾಧನೆ ಒಂದೇ ಪುಟದ್ದು, ಪಿಯುಸಿ ಕ್ಯಾಲ್ಕುಲಸ್ ಸಾಕು. ಆದರೆ ಅದನ್ನು ಓದುವಾಗ ತಲೆದೂಗಿದರೂ, ಪುಸ್ತಕ ಮುಚ್ಚಿದರೆ ಏನೂ ಉಳಿಯುತ್ತಿರಲಿಲ್ಲ. ಕೊನೆಗೆ ಅದರಲ್ಲಿ ಪೈ ಎಂದು ಊಹಿಸಿಕೊಂಡ ಭಿನ್ನರಾಶಿಯ ಅಕ್ಷರಗಳ ಜಾಗದಲ್ಲಿ 22 ಮತ್ತು 7 ಹಾಕಿ ಕೂತೆ.

ಪೈ 22/7 ಎಂದೇ ಇಟ್ಟುಕೊಳ್ಳೋಣ. ‘ಎಕ್ಸ್ ಗುಣಿಸು (22 – 7 ಎಕ್ಸ್)’ ಎಂಬುದು 0ಯಲ್ಲೂ ಪೈನಲ್ಲೂ ಸೊನ್ನೆ, ನಡುವೆ ಧನ. ಇದನ್ನು ಎನ್ ಘಾತಕ್ಕೇರಿಸಿ, ಎನ್ ಫ್ಯಾಕ್ಟೋರಿಯಲ್‌ನಿಂದ (1ರಿಂದ ಎನ್‌ವರೆಗಿನ ಪೂರ್ಣಾಂಕಗಳ ಗುಣಲಬ್ಧದಿಂದ) ಭಾಗಿಸಿ, ಸೈನ್ ಎಕ್ಸ್‌ನಿಂದ ಗುಣಿಸಿ, 0ಯಿಂದ ಪೈವರೆಗೆ ಅನುಕಲಿಸಬೇಕು, ಅಂದರೆ ಅದರ ವಕ್ರರೇಖೆಯ ಕೆಳಗಿನ ಜಾಗ ಕಂಡುಹಿಡಿಯಬೇಕು. ಭಾಗಶಃ ಅನುಕಲನ ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ಎರಡು ತುದಿಗಳಲ್ಲಿನ ಬೆಲೆಗಳು ಮಾತ್ರ. ಎನ್‌ಗಿಂತ ಕಡಿಮೆ ಸಲ ಅವಕಲಿಸಿದರೆ ಬರುವ ಬೆಲೆಗಳೆಲ್ಲ ಅಲ್ಲಿ ಸೊನ್ನೆ. ಎನ್‌ನಿಂದ ಮುಂದಕ್ಕೆ, ಅವಕಲಿಸಿದಾಗ ಬರುವ ಗುಣಕಗಳೇ ಛೇದದ ಫ್ಯಾಕ್ಟೋರಿಯಲನ್ನು ನುಂಗಿಬಿಡುತ್ತವೆ. ಹೀಗಾಗಿ ಉತ್ತರ ಪೂರ್ಣಾಂಕ. ಧನವೂ ಹೌದು, ಎಂದ ಮೇಲೆ ಕನಿಷ್ಠ 1. ಈ ನುಂಗುವ ಜಾಗ ಅರ್ಥವಾಗಲು ನನಗೆ ಮೂರು ಸಂಜೆ ಹಿಡಿಯಿತು.

ಇನ್ನೊಂದು ಕಡೆಯಿಂದ ನೋಡಿ. ‘ಎಕ್ಸ್ ಗುಣಿಸು (22 – 7 ಎಕ್ಸ್)’ ಎಂಬ ಆ ಗುಣಲಬ್ಧ 484/28ನ್ನು, ಅಂದರೆ ಸುಮಾರು 17.29ನ್ನು ಮೀರುವುದಿಲ್ಲ, ಸೈನ್ 1ನ್ನು ಮೀರುವುದಿಲ್ಲ. ಕ್ಯಾಲ್ಕ್ಯುಲೇಟರ್ ಹಿಡಿದು 1ರಿಂದ ಶುರುಮಾಡಿ ಪ್ರತಿ ಹೆಜ್ಜೆಗೂ 17.29ರಿಂದ ಗುಣಿಸಿ, ಎನ್‌ನಿಂದ ಭಾಗಿಸುತ್ತ ಹೋದೆ. ಎನ್ 17 ಆದಾಗ ಅಂಕಿ 30 ಲಕ್ಷ ದಾಟಿತ್ತು! ಎಲ್ಲೋ ತಪ್ಪಿದ್ದೇನೆ ಎಂದು ಮೊದಲಿನಿಂದ ಮತ್ತೆ ಮಾಡಿದೆ. ತಪ್ಪಿರಲಿಲ್ಲ. 18ರಿಂದ ಭಾಜಕದ್ದೇ ಮೇಲುಗೈ, ಇಳಿತ ಶುರು. 0ಯಿಂದ ಪೈವರೆಗಿನ ಉದ್ದ 22/7ರಿಂದಲೂ ಗುಣಿಸಿ ನೋಡಿದರೆ 45ಕ್ಕೆ ಮಿತಿ ಸುಮಾರು 1.3. 46ಕ್ಕೆ 0.49.

ಅರ್ಧಕ್ಕಿಂತ ಚಿಕ್ಕದಾದ ಧನ ಪೂರ್ಣಾಂಕ! ಅಂಥದ್ದು ಇರಲಾರದು, ಹಾಗಾಗಿ ಪೈ 22/7 ಆಗಲಾರದು. ಪೆನ್ನು ಕೆಳಗಿಟ್ಟು ಒಬ್ಬನೇ ನಕ್ಕೆ.

ಮರುವಾರ ಅವಳಿಗೆ ಅನುಕಲನದ ಬದಲು ವಕ್ರರೇಖೆಯ ಕೆಳಗಿನ ಜಾಗ ಎಂದು ಚಿತ್ರ ಬರೆದು ತೋರಿಸಿದೆ. ಪೂರ್ಣಾಂಕ ಯಾಕೆ ಬರುತ್ತದೆ ಅನ್ನುವುದನ್ನು ಪಿಯುಸಿವರೆಗೆ ಸಾಲ ಇಟ್ಟುಕೋ ಅಂದೆ. ಅವಳು ಒಪ್ಪಿದಳು, ಆದರೆ ಬಿಡಲಿಲ್ಲ: ‘22/7 ಹೋಯ್ತು ಸರ್, 355/113?’ ಯಾವ ಭಿನ್ನರಾಶಿ ಹಾಕಿದರೂ ಇದೇ ಕಥೆ, ಎನ್ ಮಾತ್ರ ದೊಡ್ಡದು ಬೇಕು. ಇದಕ್ಕೆ 750ರ ಆಸುಪಾಸು. ಒಂದೊಂದಾಗಿ ಗುಣಿಸುವ ತಾಳ್ಮೆ ನನಗೆ ಉಳಿದಿರಲಿಲ್ಲ, ಲಾಗರಿದಮ್ ಹಿಡಿದೆ.