ಪಿಲಾಟಿಸ್ ಟೀಚರ್ ಆಗಿ, ಉಪಕರಣವನ್ನೂ ಮಾಡಬೇಕಾ? ಮೊದಲು ಸ್ಪ್ರಿಂಗ್ ತೂಗಿ

ಮಡಿಕೇರಿಯಲ್ಲಿ ಪಿಲಾಟಿಸ್, ಅಂದರೆ ಉಸಿರು ಎಣಿಸುತ್ತಾ ಮೈಯನ್ನು ಹಿಡಿತದಲ್ಲಿಟ್ಟು ಮಾಡುವ ವ್ಯಾಯಾಮ, ಹೇಳಿಕೊಡುತ್ತೇನೆ. ಅದಕ್ಕೆ ಬೇಕಾದ ಸ್ಪ್ರಿಂಗ್ ಉಪಕರಣವನ್ನೂ ನಾನೇ ಮಾಡುತ್ತೇನೆ. ಇದಕ್ಕೆ ಬರುವುದು ಹೇಗೆ ಅಂತ ಕೇಳುವವರು ನೇರ ಬಡಗಿ ಹತ್ತಿರ ಓಡಬೇಡಿ. ಮೊದಲು ಚಾಪೆ ಹಾಸಿ 'ಹಂಡ್ರೆಡ್' ಕಲಿಯಿರಿ. ಅಂಗಾತ ಮಲಗಿ, ತಲೆ ಎತ್ತಿ, ಕೈಗಳನ್ನು ನೂರು ಸಲ ಆಡಿಸಬೇಕು. ಐದು ಎಣಿಸುವವರೆಗೆ ಉಸಿರು ಒಳಗೆ, ಐದು ಎಣಿಸುವವರೆಗೆ ಹೊರಗೆ. ನಿಮ್ಮ ಕುತ್ತಿಗೆ ನೋಯದೆ ಇದು ಬಂದ ಮೇಲೆ ಸರ್ಟಿಫಿಕೇಟ್ ಕೋರ್ಸ್ ಸೇರಿ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಎದುರಿಗೆ ಜನರನ್ನು ಮಲಗಿಸಿ ಪಾಠ ಮಾಡಿಸ್ತೀರಾ?

ಈ ವ್ಯಾಯಾಮವನ್ನು ರೂಪಿಸಿದ, 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್ ಕೂಡ ಟೀಚರೇ, ಉಪಕರಣ ಕಟ್ಟಿದವರೂ ಅವರೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಕೂಡಿಹಾಕಿದ್ದಾಗ ಮಂಚದ ಸ್ಪ್ರಿಂಗ್ ಬಳಸಿ ರೋಗಿಗಳಿಂದ ವ್ಯಾಯಾಮ ಮಾಡಿಸಿದರಂತೆ. ಕಥೆ ಇರಲಿ, ಸ್ಪ್ರಿಂಗಿನ ಗುಣ ನೋಡಿ. ಎಳೆದಷ್ಟೂ ಜಗ್ಗುತ್ತದೆ, ಬಿಡುವಾಗಲೂ ತಡೆದೇ ಬಿಡಬೇಕು.

ನನಗೆ ಉಪಾಯ ಹೊಳೆದದ್ದು ಕಾಫಿ ಕೊಯ್ಯುವ ಒಬ್ಬರಿಂದ. "ಅಕ್ಕಾ, ಕೈ ಎತ್ತಬಹುದು, ಇಳಿಸುವಾಗಲೇ ನೋವು" ಅಂದರು. ಡಾಕ್ಟರಿಗೆ ತೋರಿಸಿ ಬನ್ನಿ ಅಂದೆ. ಆಮೇಲೆ ಗೋಡೆಗೆ ಹಲಗೆ ಹೊಡೆದು ಸ್ಪ್ರಿಂಗ್ ಕಟ್ಟಿದೆ. ಗೋಡೆ ಹಲಗೆ ಹೊಸದೇನಲ್ಲ. ಸೀಳಿನಲ್ಲಿ ಜಾರಿಸಿ, ಭುಜದ ಎತ್ತರಕ್ಕೆ ತಂದು ಬಿಗಿಯುವ ಕೊಕ್ಕೆಯಷ್ಟೇ ನನ್ನದು.

ಸ್ಪ್ರಿಂಗ್ ಆರಿಸುವುದು ಹೀಗೆ. ಕಾಫಿ ಚೀಲ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಒಂದು ಅಡಿ ಎಳೆಯಿರಿ, ಎಷ್ಟು ಕಿಲೋ ಅಂತ ಸ್ಪ್ರಿಂಗಿಗೇ ಚೀಟಿ ಅಂಟಿಸಿ. ಒಂದೇ ಅಂಗಡಿಯಲ್ಲಿ ತಂದ ಜೋಡಿಯಲ್ಲಿ ನನಗೆ ಒಂದು ಆರು ಕಿಲೋ ತೋರಿಸಿತು, ಇನ್ನೊಂದು ಎಂಟು. ಅಂಥ ಜೋಡಿ ಕಟ್ಟಿದರೆ ಸೊಂಟ ಒಂದು ಕಡೆ ತಿರುಗುತ್ತದೆ, ಕಲಿಯುವವರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ನಮ್ಮ ಮಳೆಗಾಲದಲ್ಲಿ ತುಕ್ಕು ಬೇರೆ. ಒಮ್ಮೆ ಆಗಸ್ಟಿನಲ್ಲಿ ಕೊಕ್ಕೆ ತುಂಡಾಗಿ ನನ್ನ ಮೊಣಕೈಗೇ ಬಡಿಯಿತು. ಆವತ್ತಿಂದ ಪ್ರತಿ ಸ್ಪ್ರಿಂಗಿನ ಒಳಗೆ ಹಗ್ಗ ತೂರಿಸಿ ಎರಡೂ ತುದಿಗೆ ಕಟ್ಟುತ್ತೇನೆ. ತುಂಡಾದರೂ ಹಾರುವುದಿಲ್ಲ. ಹಲಗೆಗೆ ಚೆನ್ನಾಗಿ ಒಣಗಿದ ಹಲಸು ಹಾಕಿ. ನನ್ನ ಸಿಲ್ವರ್ ಓಕ್ ಹಲಗೆ ಜುಲೈಗೇ ಸೊಟ್ಟಗಾಯಿತು.

ಪೇಟೆಂಟ್ ಬೇಕಾದರೆ ಯಾರಿಗೂ ತೋರಿಸುವ ಮೊದಲೇ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ನಾನು ಖುಷಿಯಲ್ಲಿ ಸುಮ್ನೆ ವಿಡಿಯೋ ಹಾಕಿಬಿಟ್ಟೆ! ಈಗ ನನ್ನ ಕೊಕ್ಕೆಯನ್ನು ಯಾರು ಬೇಕಾದರೂ ಮಾಡಬಹುದು. ನೀವೂ ಮಾಡಿಕೊಳ್ಳಿ, ಹಗ್ಗ ಕಟ್ಟುವುದನ್ನು ಮಾತ್ರ ಮರೀಬೇಡಿ.