ಪೋಳತ್ತಾಳಿಗೂ ಪೆಂಗ್ವಿನ್‌ಗೂ ಹೋಲಿಕೆ: ಶಾಸ್ತ್ರಮೇಳದ ಚಾರ್ಟ್ ಮಾಡುವ ಕ್ರಮ

ಶಾಲೆಯ ವಿಜ್ಞಾನ ಮೇಳಕ್ಕೆ ಪೋಳತ್ತಾಳಿ ಎಂಬ ಹೂಗಿಡವನ್ನೂ ಪೆಂಗ್ವಿನ್ ಹಕ್ಕಿಯನ್ನೂ ಹೋಲಿಸುವಾಗ, ‘ಒಂದು ಹಸಿರು, ಇನ್ನೊಂದು ಕಪ್ಪು ಬಿಳುಪು, ಒಂದು ನಡೆಯುವುದಿಲ್ಲ, ಇನ್ನೊಂದು ನಡೆಯುತ್ತದೆ’ ಎಂದು ಬರೆದ ಚಾರ್ಟ್‌ನಿಂದ ಏನೂ ತಿಳಿಯುವುದಿಲ್ಲ. ಹೋಲಿಸಬೇಕಾದ್ದು ರೂಪವನ್ನಲ್ಲ, ಕೆಲಸವನ್ನು. ಚಾರ್ಟ್‌ನ ನಡುವೆ ಕೆಲಸದ ಹೆಸರು ಬರೆದು, ಎಡಕ್ಕೆ ಗಿಡ, ಬಲಕ್ಕೆ ಹಕ್ಕಿ ಇಡಿ.

ಮೊದಲು ಜಾತಿ ಗಟ್ಟಿಮಾಡಿಕೊಳ್ಳಿ. ಬರೀ ‘ಪೆಂಗ್ವಿನ್’ ಎಂದರೆ ಅಂಕಿಗಳು ಬೆರಕೆಯಾಗುತ್ತವೆ: ಕಿರು ಪೆಂಗ್ವಿನ್ ಸುಮಾರು ಒಂದೂವರೆ ಕಿಲೋ, ಎಂಪರರ್ ಪೆಂಗ್ವಿನ್ 40 ಕಿಲೋವರೆಗೂ ತೂಗುತ್ತದೆ. ಎಂಪರರ್ ತೆಗೆದುಕೊಳ್ಳಿ. ಗಿಡಕ್ಕೆ ನಮ್ಮ ಕಾಸರಗೋಡು ಜಿಲ್ಲೆಯ ಹೂವಾದ ಪೆರಿಯ ಪೋಳತ್ತಾಳಿ, ಅಂದರೆ ಕ್ರೈನಮ್ ಮಲಬಾರಿಕಮ್, ಇದೆಯಲ್ಲ. 2012ರಲ್ಲಿ ಹೊಸ ಜಾತಿಯೆಂದು ವಿವರಿಸಲ್ಪಟ್ಟ ಗಿಡ ಇದು.

ಚಾರ್ಟ್‌ನ ಜೀವಾಳ ‘ದಾಸ್ತಾನು’ ಸಾಲು. ಅದಕ್ಕೆ ಹೆಚ್ಚು ಜಾಗ ಬಿಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಹರಿಯುವ ತೋಡು, ಅಂದರೆ ಸಣ್ಣ ಹಳ್ಳ, ಬೇಸಿಗೆಯಲ್ಲಿ ಬತ್ತಿದಾಗ ಪೋಳತ್ತಾಳಿ ಮಣ್ಣಿನಡಿಯ ಗಡ್ಡೆಯಲ್ಲಿ ಉಳಿಯುತ್ತದೆ. ಗಂಡು ಎಂಪರರ್ ಚರ್ಮದಡಿಯ ಕೊಬ್ಬಿನ ಬಲದಲ್ಲಿ ನೂರಕ್ಕೂ ಹೆಚ್ಚು ದಿನ ಉಪವಾಸವಿರುತ್ತದೆ. ಅದರಲ್ಲಿ ಸುಮಾರು 65 ದಿನ ಒಂದೇ ಮೊಟ್ಟೆಯನ್ನು ಪಾದದ ಮೇಲಿಟ್ಟು ಕಾವು ಕೊಡುತ್ತದೆ. ಮೊಟ್ಟೆಯಿಡುವ ಮೇ, ಜೂನ್ ಎಂಪರರ್ ಇರುವ ಅಂಟಾರ್ಕ್ಟಿಕಾದಲ್ಲಿ ಚಳಿಗಾಲದ ಆರಂಭ. ಇಲ್ಲಿ ಮಳೆ ಹಿಡಿಯುವ ಹೊತ್ತು. ತಿಂಗಳ ಜೊತೆ ಋತುವನ್ನೂ ಬರೆಯದಿದ್ದರೆ ನೋಡುವವರು ತಪ್ಪು ತಿಳಿಯುತ್ತಾರೆ.

‘ಸಂತಾನ’ ಸಾಲಿನಲ್ಲಿ ಹೂವಿನ ಎದುರು ಮೊಟ್ಟೆ ಬರೆಯುವುದು ಸಾಮಾನ್ಯ ತಪ್ಪು. ಹೂವು ಅಂಗ, ಅದರಲ್ಲಿ ಆರು ಕೇಸರಗಳೂ, ದಳಗಳ ಕೆಳಗೆ ಅಂಡಾಶಯವೂ ಇವೆ. ಭ್ರೂಣವಿರುವ ಮೊಟ್ಟೆಗೆ ಹತ್ತಿರವಾದದ್ದು ಬೀಜ. ಅಲ್ಲಿಯೂ ಒಂದು ವ್ಯತ್ಯಾಸ ಸೇರಿಸಿ: ಮೊಟ್ಟೆಯ ಹಳದಿ ಪೂರ್ತಿ ತಾಯಿಯದು, ಬೀಜದ ಆಹಾರ ಅಂಗಾಂಶದಲ್ಲಿ ಪರಾಗದ ಪಾಲೂ ಇದೆ.

‘ಜೀವಕೋಶ’ ತೋರಿಸಲು ಪೋಳತ್ತಾಳಿಯ ಗಡ್ಡೆ ಕೀಳಲೇಬೇಡಿ; ಅದು ಬೆಳೆಯುವ ತೋಡುಗಳೇ ಕೆಲವು. ಅದೇ ಕುಟುಂಬದ ಈರುಳ್ಳಿ ಸಾಕು. ಒಳಪದರದ ತೆಳು ಪೊರೆಯನ್ನು ಚಿಮಟದಿಂದ ಎಳೆದು, ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಒಂದು ಹನಿ ದುರ್ಬಲ ಅಯೋಡಿನ್ ಬಿಡಿ. ಮೇಲಿನ ಗಾಜನ್ನು ಓರೆಯಾಗಿ ಇಳಿಸಿ. ನೇರ ಒತ್ತಿದರೆ ಗಾಳಿಗುಳ್ಳೆ ಸಿಕ್ಕಿ, ಅದನ್ನೇ ಕೋಶವೆಂದು ಮಕ್ಕಳು ಬಿಡಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕೋಶಭಿತ್ತಿ, ಕೋಶಕೇಂದ್ರ ಕಾಣುತ್ತವೆ. ಪಿಷ್ಟಕ್ಕೆ ಅಯೋಡಿನ್ ತಾಗಿದಾಗ ಬರುವ ನೀಲಿಗಪ್ಪು ಬಣ್ಣ ಇಲ್ಲಿ ಬರದಿದ್ದರೆ ಅಯೋಡಿನ್ ಕೆಟ್ಟಿದೆ ಎಂದಲ್ಲ: ಈರುಳ್ಳಿ ಕೂಡಿಡುವುದು ಸಕ್ಕರೆ, ಪಿಷ್ಟವಲ್ಲ. ಪೊರೆಯಲ್ಲಿ ಹಸಿರು ಕಣಗಳೂ ಇಲ್ಲ. ಅವಕ್ಕೆ ತೋಡಿನ ಹೈಡ್ರಿಲ್ಲಾ ಎಲೆಯೊಂದನ್ನು ಹಾಗೆಯೇ ನೀರಿನಲ್ಲಿಟ್ಟು ನೋಡಿ.