ಸೂತ್ರ ಬಿಟ್ಟು ನೋಟ್‌ಬುಕ್ ಹಿಡಿದ ಮೇಲೆ ಇಳಿದ ತೂಕ

ಐದು ವಾರ ತಿಂದಿದ್ದನ್ನೆಲ್ಲ ತೂಗಿ ಬರೆದಿಡ್ತೇನೆ ಅಂದಾಗ ಜಿಮ್‌ನಲ್ಲಿ ಎಲ್ಲರೂ ನಕ್ಕರು. "ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅನ್ನೋದು ಸೂತ್ರಕ್ಕೆ ಹಾಕಿದರೆ ನಿಮಿಷದಲ್ಲಿ ಬರುತ್ತಲ್ಲ, ಇದೇನು ತಪಸ್ಸು?" ಅಂದರು. ಈಗ ನಕ್ಕವರಲ್ಲೇ ಇಬ್ಬರು ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ.

ಸೂತ್ರ ನಾನೂ ಹಾಕಿದ್ದೆ. 84 ಕಿಲೋ, 172 ಸೆಂ.ಮೀ., 41 ವರ್ಷ. ಸುಮ್ಮನೆ ಮಲಗಿದ್ದರೂ ದೇಹ ದಿನಕ್ಕೆ ಸುಡುವ ಕ್ಯಾಲೊರಿ ಹೇಳುವ ಮಿಫ್ಲಿನ್ ಸೂತ್ರದಲ್ಲಿ 1,715 ಬಂತು. ಎಡವಿದ್ದು ದಿನದ ಓಡಾಟಕ್ಕೆ ತಕ್ಕಂತೆ ಅದನ್ನು ಗುಣಿಸುವಾಗ. ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವವನು ಅನ್ನೋ ಜಂಬದಲ್ಲಿ 1.55 ಹಾಕಿದೆ, ಮಿಕ್ಕ ಹೊತ್ತೆಲ್ಲ ಕುರ್ಚಿಗೆ ಅಂಟಿಕೊಂಡಿರುತ್ತೇನೆ ಅನ್ನೋದು ನೆನಪಿಗೇ ಬರಲಿಲ್ಲ. 2,650 ಅಂತು. ತೂಕ ಇಳಿಯಲಿ ಅಂತ 500 ಕಳೆದು 2,150 ತಿಂದೆ. ಎರಡು ತಿಂಗಳು ತೂಕ ಅಲುಗಲಿಲ್ಲ.

ಆಮೇಲೆ ದುಡ್ಡು ಸುರಿದೆ. ದುಬಾರಿ ವಾಚ್ ಒಂದು ನಡಿಗೆಗೆ 600 ಕ್ಯಾಲೊರಿ ಸುಟ್ಟೆ ಅಂತ ಬೆನ್ನು ತಟ್ಟುತ್ತಿತ್ತು, ನಾನು ನಂಬಿ ಅಷ್ಟನ್ನೂ ವಾಪಸ್ ತಿಂದೆ. ತೂಕ ಏರಿತು! ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿ ಮೂರು ವಾರ ಬಳಸಿದೆ. ಕೊನೆಗೆ ಕೈ ಹಿಡಿದದ್ದು ಎಲ್ಲಕ್ಕಿಂತ ಅಗ್ಗದ ಅಡುಗೆಮನೆ ತಕ್ಕಡಿ.

ಮೊದಲ ಕಳ್ಳ ಸಿಕ್ಕಿದ್ದು ಎಣ್ಣೆಯಲ್ಲಿ. 'ಒಂದು ಚಮಚ' ಅಂತ ಬರೆಯುತ್ತಿದ್ದೆ. ವಾರದ ಶುರುವಿಗೆ, ಕೊನೆಗೆ ಬಾಟಲಿಯನ್ನೇ ತೂಗಿ ನೋಡಿದರೆ ದಿನಕ್ಕೆ 20 ಗ್ರಾಂ ಹತ್ತಿರ ಲೆಕ್ಕಕ್ಕೇ ಬಂದಿರಲಿಲ್ಲ, ಗ್ರಾಂಗೆ 9ರಂತೆ 180 ಕ್ಯಾಲೊರಿ. ಎರಡು ತಿಂಗಳು ತೂಕ ಯಾಕೆ ನಿಂತಿತ್ತು ಅಂತ ಗೊತ್ತಾಯಿತಲ್ವಾ?

ಎಣ್ಣೆಯನ್ನೂ ಸೇರಿಸಿ, ಈ ಸಲ ನಿಜವಾಗಿ 2,150 ತಿಂದೆ. ಬೆಳಿಗ್ಗೆ ಎದ್ದ ಕೂಡಲೇ ತೂಕ, ವಾರಕ್ಕೊಂದು ಸರಾಸರಿ. ಮೊದಲ ವಾರದ್ದು 84.1, ಐದನೆಯದು 83.5. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿಯಂತೆ 0.6 ಕಿಲೋಗೆ 4,620, ಅದನ್ನು 28 ದಿನಕ್ಕೆ ಹಂಚಿದರೆ ದಿನಕ್ಕೆ 165 ಕಡಿಮೆ ಬಿದ್ದಿತ್ತು. ಅಂದರೆ ನನ್ನ ದೇಹಕ್ಕೆ ಬೇಕಿದ್ದದ್ದು ಸುಮಾರು 2,300. ಸೂತ್ರ 350ರಷ್ಟು ಜಾಸ್ತಿ ಹೇಳಿತ್ತು.

ನಡುವೆ ಸುಮ್ನೆ ಒಂದು ತಮಾಷೆ ಮಾಡಿದೆ. ಕ್ಯಾಲೊರಿ ಅಷ್ಟೇ ಇಟ್ಟು ಒಂದು ರಾತ್ರಿ ಉಪ್ಪು ಜಾಸ್ತಿ ತಿಂದೆ, ಬೆಳಿಗ್ಗೆ ನನ್ನ ತೂಕ 1.2 ಕಿಲೋ ಮೇಲೆ ತೋರಿಸಿತು. ಬರೀ ನೀರು, ಮೂರು ದಿನಕ್ಕೆ ಇಳಿಯಿತು. ಒಂದೇ ದಿನದ ತೂಕ ನೋಡಿ ಊಟ ಬಿಡುವವರಿಗೆ ಇದನ್ನೇ ಹೇಳುತ್ತೇನೆ.

ಆಮೇಲೆ 1,850ಕ್ಕೆ ಇಳಿಸಿದೆ. ಹನ್ನೆರಡು ವಾರದಲ್ಲಿ ನಾಲ್ಕೂವರೆ, ಐದು ಕಿಲೋ ಹೋಯಿತು. ಹೊರಗೆ ತಿಂದ ದಿನ ಏನು ಬರೆದುಕೊಳ್ಳುತ್ತೇನೆ ಅನ್ನೋದನ್ನು ಸದ್ಯಕ್ಕೆ ಬಿಟ್ಟುಕೊಡಲ್ಲ, ಅದು ಕಲಿಯೋಕೆ ಆರು ತಿಂಗಳು ಬೇಕಾಯಿತು. ಈಗ 79ರಲ್ಲಿದ್ದೇನೆ, ಇಳಿಯುವ ವೇಗ ತಗ್ಗಿದೆ, ಹಗುರಾದ ದೇಹಕ್ಕೆ ಹಳೆಯ 2,300 ಇನ್ನು ನಡೆಯಲ್ಲ. ಸೋಮವಾರದಿಂದ ಮತ್ತೆ ಐದು ವಾರ ಎಣಿಸುತ್ತಿದ್ದೇನೆ.